ಫೋರಿಯರ್ ಪಾಠದ ಧ್ವನಿ

“ಅಕ್ಕ, ನಿಮ್ಮ ಕ್ಲಾಸಿನ ಸುಫಿಯಾನಣ್ಣನ ವಿಡಿಯೊ ನೋಡಿದ್ರಾ? ಫೋರಿಯರ್ ಸರಣೀನ ಕನ್ನಡದಾಗೆ ಎಷ್ಟು ಚೆನ್ನಾಗಿ ಹೇಳವ್ರೆ!”

ಮಧುಗಿರಿ ಬಸ್ ನಿಲ್ದಾಣದಲ್ಲಿ ಜೂನಿಯರ್ ಶ್ರೀಲತಾ ತನ್ನ ಮೊಬೈಲನ್ನು ಆರ್ಜೂಳ ಕಿವಿಗೆ ಹಿಡಿದಳು.

‘ಸಂತೆಯ ಗದ್ದಲದಲ್ಲಿ ನಿಂತು, ಒಬ್ಬೊಬ್ಬರ ಕೂಗನ್ನೂ ಬಿಡಿಸಿ ಕೇಳೋದಿದೆಯಲ್ಲ... ಅದೇ ಫೋರಿಯರ್ ಸರಣಿ.’

ಆ ಮಾತು ಆರ್ಜೂಳದು. ಉದಾಹರಣೆ ಅವಳದು. ಆದರೆ ಧ್ವನಿ? ಸುಫಿಯಾನನದು!

ಆರ್ಜೂಗೆ ಚಿಕ್ಕಂದಿನಿಂದಲೂ ಉಗ್ಗು. ತರಗತಿಯಲ್ಲಿ ಹಾಜರಿ ಹೇಳಲೂ ಹೆದರುತ್ತಿದ್ದಳು. ಎಂ.ಎಸ್ಸಿ.ಯ ಗಣಿತೀಯ ಭೌತಶಾಸ್ತ್ರಕ್ಕೆ ಇದ್ದ ಪುಸ್ತಕಗಳೆಲ್ಲ ಇಂಗ್ಲಿಷಿನವು. ಮೊಬೈಲಿನಲ್ಲಿ ಎಷ್ಟು ಹುಡುಕಿದರೂ ಕನ್ನಡದ ಒಂದು ಪಾಠ ಸಿಗುತ್ತಿರಲಿಲ್ಲ. “ನೀನೇ ಹೇಳು, ನಾನು ವಿಡಿಯೊ ಮಾಡ್ತೀನಿ” ಎಂದು ಬೆನ್ನು ಬಿದ್ದವನು ಸುಫಿಯಾನ್. ಅವನನ್ನು ನಂಬಿ, ಜೀವನದಲ್ಲೇ ಮೊದಲ ಬಾರಿಗೆ, ಅವಳು ನಲವತ್ತು ನಿಮಿಷ ಮಾತಾಡಿದ್ದಳು...

ಅದೇ ನಿಲ್ದಾಣದಲ್ಲಿ ಪಾವಗಡದ ಬಸ್ಸಿಗೆ ಕಾಯುತ್ತಿದ್ದ ಸುಫಿಯಾನ್ ಅವಳ ಮುಖ ನೋಡಿಯೇ ಎದ್ದು ಬಂದ.

“ನನ್... ನನ್ನ ಧ್ವನಿ ಎಲ್ಲಿ?”

“ಹಂಗಲ್ಲ ಆರ್ಜೂ... ಮೊದಲು ನಮ್ಮ ಹುಡುಗ್ರಿಗೆ ಕೇಳಿಸ್ದೆ. ಚೇತನ್ ನಗಾಡ್ಬುಟ್ಟ. ‘ನೆಟ್‌ವರ್ಕ್ ಕಟ್ಟಾಗ್ತೈತೆ ಕಣ್ಲಾ’ ಅಂದ. ಎಲ್ರೂ ಹಂಗೆ ನಗೋದು ಬೇಡ ಅಂತ ನಾನೇ ಹೇಳಿ ಹಾಕ್ದೆ. ನಿನ್ನ ಹೆಸರು ಹಾಕಿದ್ರೆ, ಅವಳ್ಯಾಕೆ ಮಾತಾಡ್ಲಿಲ್ಲ ಅಂತ ಕೇಳ್ತಾರಲ್ಲ...”

“ಚೇ... ಚೇತನ್ ನಕ್ಕ, ಅಷ್ಟೆ. ನಾಚ್ಕೆ ಪಟ್ಟಿದ್ದು ನೀನು.”

 

ನಗುವವರನ್ನು ಅವಳು ಒಂದನೇ ತರಗತಿಯಿಂದಲೂ ಕಂಡಿದ್ದಳು. ‘ಇವನೊಬ್ಬ ಬೇರೆ ಅಂದುಕೊಂಡಿದ್ದೆನಲ್ಲ!’ ಆ ನೋವಿಗೆ ಕಣ್ಣೀರೂ ಬರಲಿಲ್ಲ.

ಐದು ದಿನ ಅವನ ಕರೆ ತೆಗೆಯಲಿಲ್ಲ. ಆರನೆಯ ದಿನ ಶ್ರೀಲತಾ ಓಡಿ ಬಂದಳು.

“ಅಕ್ಕ, ಸುಫಿಯಾನಣ್ಣ ವಿಡಿಯೊ ತೆಗೆದ್ಬುಟ್ಟವ್ರೆ! ಪರೀಕ್ಷೆ ಹತ್ರ ಬಂತಲ್ಲ, ಎಲ್ರೂ ಬಾಯಿಗೆ ಬಂದಂಗೆ ಬೈತವ್ರೆ. ‘ಪಾಠ ಆರ್ಜೂದು, ನಾನು ಕದ್ದೆ’ ಅಂತ ಗ್ರೂಪಲ್ಲಿ ಬರೆದವ್ರೆ.”

ಆ ಸಂಜೆ ಅವನು ನಿಲ್ದಾಣದಲ್ಲಿ ಕಾಯುತ್ತಿದ್ದ. ಆರ್ಜೂ ದೂರದಲ್ಲೇ ನಿಂತಳು.

“ನಿನ್ನ ನಲವತ್ತು ನಿಮಿಷಾನ ದಿನಾ ಬಸ್ಸಲ್ಲಿ ಕೇಳ್ತೀನಿ. ಪಾಠಕ್ಕಲ್ಲ... ನಿನಗೋಸ್ಕರ. ನೀನು ಇಷ್ಟ ಅಂತ ಹೇಳೋಕೆ ಧೈರ್ಯ ಇಲ್ದೆ, ನಿನ್ನೇ ಮುಚ್ಚಿಟ್ಟೆ. ಮಾಫ್ ಮಾಡು.”

“ಮಾ... ಮಾಫಿ ಈಗ್ಲೇ ಸಿಗಲ್ಲ. ನನ್ನ ಪಾಠ ಹಾಕು. ಹೆಸರಿನ ಸಮೇತ. ಒಂದು ಸೆಕೆಂಡೂ ತೆಗೀಬೇಡ.”

“ನಗ್ತಾರೆ...”

“ನಗ್ಲಿ. ಪಾಸಾಗ್ಬೇಕಾದೋರು ಕೇ... ಕೇಳ್ತಾರೆ.”

ಅಲ್ಲೇ ನಿಂತು ಅವನು ಪಾಠ ಹಾಕಿದ. ಅವಳ ಹೆಸರನ್ನು ಅವಳಿಗೇ ತೋರಿಸಿದ. ಆರ್ಜೂ ಬಹಳ ಹೊತ್ತು ನೋಡಿದಳು. ಆಮೇಲೆ ಒಂದು ಹೆಜ್ಜೆ ಹತ್ತಿರ ಬಂದಳು.

“ನಂಗೂ... ನೀ... ನೀನು...”

ಮಾತು ಗಂಟಲಲ್ಲೇ ನಿಂತಿತು. ಮುಂದಿನ ಪದ ಅವನಿಗೆ ಗೊತ್ತಿತ್ತು. ಆದರೂ ಅವಳ ಬದಲು ತಾನು ಹೇಳಲಿಲ್ಲ. ಪಾವಗಡದ ಬಸ್ಸು ಹಾರನ್ ಹೊಡೆಯಿತು.

“ಬಸ್ ಹೋ... ಹೋಗುತ್ತೆ.”

“ಹೋಗ್ಲಿ. ನೀನು ಹೇಳು...”