ಹೊಂಬಾಳಮ್ಮನ ಒಲೆಕಟ್ಟೆ

ಬಹಳ ಹಿಂದೆ, ಕಾಗೆಗಳಿನ್ನೂ ಬೆಳ್ಳಗಿದ್ದ ಕಾಲದಲ್ಲಿ, ಎಸರೂರು ಎಂಬ ರಾಜ್ಯವಿತ್ತು. ಉಂಡು ತಿಂದು ಸುಖವಾಗಿದ್ದ ಆ ರಾಜ್ಯಕ್ಕೆ ಶೀತಕೇತು ಎಂಬ ಮಾಂತ್ರಿಕ ಬಂದ. ಬಂದವನೇ ಬೆಟ್ಟದ ಮೇಲೆ ನಿಂತು, "ಸೂರಿನ ಕೆಳಗೆ ಬೆಂಕಿ ಉರಿಯದಿರಲಿ!" ಎಂದು ಮಂತ್ರ ಹಾಕಿದ. ಅರಮನೆಯಿಂದ ಗುಡಿಸಲಿನವರೆಗೆ ಎಲ್ಲ ಒಲೆಗಳೂ ಒಂದೇ ಸಲಕ್ಕೆ ಆರಿದವು. ಬಯಲಿನಲ್ಲಿ ಮೂರು ಕಲ್ಲಿಟ್ಟು ಹಚ್ಚೋಣವೆಂದರೆ, ಅವನು ಬೆಟ್ಟದಿಂದಲೇ ಉಫ್ ಎಂದು ಊದಿ ಆರಿಸುತ್ತಿದ್ದ. ಆರಿದ ಒಂದೊಂದು ಒಲೆಗೂ ಅವನು ಒಂದೊಂದು ಗೇಣು ಬೆಳೆಯುತ್ತಿದ್ದ. ತಿಂಗಳು ತುಂಬುವಷ್ಟರಲ್ಲಿ ಅವನ ತಲೆ ಮೋಡಕ್ಕೆ ತಾಗಿತು.

ಜನ ನೆನೆಸಿದ ಅವಲಕ್ಕಿ ತಿಂದರು, ಹಸಿ ಸೌತೆಕಾಯಿ ಕಡಿದರು. ರಾಜ ಮೃಷ್ಟಪಾಲನೂ ಅದನ್ನೇ ತಿಂದು ಮುಖ ಕಿವಿಚಿ, "ಒಲೆ ಹಚ್ಚಿದವರಿಗೆ ಅರ್ಧ ರಾಜ್ಯ" ಎಂದು ಡಂಗುರ ಹೊಡೆಸಿದ. ರಾಜರಿಗೆ ಅರ್ಧ ರಾಜ್ಯ ಕೊಡುವುದೊಂದು ಚಟ, ಬಿಡಿ.

ಆ ಊರಿನಲ್ಲಿ ಹೊಂಬಾಳಮ್ಮ ಎಂಬ ಗಾರೆ ಕೆಲಸದವಳಿದ್ದಳು. ಅಪ್ಪನಿಂದ ಕೆಲಸ ಕಲಿತವಳು. ಅಪ್ಪ ಹೋದ ಮೇಲೆ ಅವನ ಕರಣೆಯನ್ನೂ ಹಠವನ್ನೂ ತಾನೇ ಇಟ್ಟುಕೊಂಡವಳು. ಅವಳ ತಂಗಿ ಅಮ್ಮಣ್ಣಿ ಹೆರಿಗೆಗೆ ಬಂದಿದ್ದಳು. ತಾಯಿದ್ದರೆ ತವರು ಎನ್ನುತ್ತಾರೆ. ತಾಯಿಯಿಲ್ಲದ ಆ ಮನೆಯಲ್ಲಿ ಅಕ್ಕನೇ ತವರು. ಹೆರಿಗೆಯೇನೋ ಸುಸೂತ್ರವಾಯಿತು. ಆದರೆ ಬಾಣಂತಿಗೆ ಎರೆಯಲು ಬಿಸಿನೀರಿಲ್ಲ, ಕಲಸಿಕೊಡಲು ಬಿಸಿ ಅನ್ನವಿಲ್ಲ, ಮೆಣಸಿನ ಸಾರಿಲ್ಲ. ಅಮ್ಮಣ್ಣಿಯ ಕೈಕಾಲು ತಣ್ಣಗಾಗುತ್ತ ಬಂದವು. ಕೂಸು ಹಾಲು ಕುಡಿಯುವುದನ್ನೂ ಕಡಿಮೆ ಮಾಡಿತು.

"ಅಕ್ಕಾ, ಚಳಿ ಕಣೇ," ಎಂದಳು ಅಮ್ಮಣ್ಣಿ. "ಒಂದ್ ತಂಬಿಗೆ ಬಿಸಿನೀರು ಮೈಮೇಲೆ ಬಿದ್ರೆ ಬದುಕ್ಕೋತೀನಿ."

"ಒಂದ್ ತಂಬಿಗೆ ಯಾಕೆ? ಹಂಡೆಗಟ್ಲೆ ಹುಯ್ತೀನಿ, ತಡಿ," ಎಂದು ಹೊಂಬಾಳಮ್ಮ ಸೆರಗು ಸಿಕ್ಕಿಸಿದಳು.

ಅವಳು ಯೋಚಿಸಿದಳು. ಸೂರಿನ ಕೆಳಗೆ ಬೆಂಕಿ ಉರಿಯದು, ಬಯಲಿನಲ್ಲಿ ನಿಲ್ಲದು. ಹಾಗಾದರೆ ಸೂರಿಲ್ಲದ ಗೋಡೆ ಬೇಕು. ಹಿತ್ತಲ ನಟ್ಟನಡುವೆ, ಮನೆಗೆ ಆತುಕೊಳ್ಳದೆ, ಸೊಂಟದೆತ್ತರದ ಒಲೆಕಟ್ಟೆ. ಒಂದು ಕಡೆ ಹಂಡೆ ಒಲೆ, ಇನ್ನೊಂದು ಕಡೆ ಎರಡು ಅಡುಗೆ ಒಲೆ, ನಡುವೆ ಹೆಚ್ಚಿಕೊಳ್ಳಲು ಕಲ್ಲುಚಪ್ಪಡಿ. ಬೆಂಕಿ ಕಟ್ಟೆಯ ಹೊಟ್ಟೆಯೊಳಗೆ ಆಳದಲ್ಲಿರಬೇಕು. ಆಮೇಲೆ ಊದಲಿ, ನೋಡೋಣ!

ನೆಟ್ಟಗೆ ಅರಮನೆಗೆ ಹೋದಳು. "ಅರ್ಧ ರಾಜ್ಯ ತಗೊಂಡು ನಾನೇನ್ ಮಾಡ್ಲಿ ಬುದ್ಧಿ? ಅರ್ಧ ಗಾಡಿ ಸುಣ್ಣ ಕೊಡ್ಸಿ," ಎಂದಳು.

ರಾಜ ಗಾಡಿ ತುಂಬ ಕೊಡಿಸಿದ. ಕೊಡಿಸಿ, ಮಂತ್ರಿಗೆ ಕೇಳಿಸದ ಹಾಗೆ, "ಆ ಒಲೆಮೇಲೆ ಒಗ್ಗರಣೆನೂ ಹಾಕ್ಬೋದೇನಮ್ಮಾ?" ಎಂದು ವಿಚಾರಿಸಿದ.

ಹೊಂಬಾಳಮ್ಮ ಪಾಯ ತೋಡಿ ಕಲ್ಲು ತುಂಬಿದಳು. ಮಧ್ಯಾಹ್ನ ಊರು ತೂಕಡಿಸುವ ಹೊತ್ತಿಗೆ ಎಮ್ಮೆಗರುವಿನಷ್ಟು ದೊಡ್ಡ ಹೆಗ್ಗಣವೊಂದು ಬಂದು ಕಲ್ಲನ್ನೆಲ್ಲ ಕೆದರಿ ಎಸೆಯಿತು. ಅದು ಶೀತಕೇತು ಕಳಿಸಿದ ಹೆಗ್ಗಣ. ಅವಳು ಮತ್ತೆ ತುಂಬಿದಳು. ಅದು ಮತ್ತೆ ಕೆದರಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೂರನೆಯ ದಿನ ಅವಳು ಬುಟ್ಟಿ ಹಿಡಿದು ಬೀದಿಗಿಳಿದಳು.

"ಒಡೆದ ಬಳೆ ಇದ್ರೆ ಕೊಡ್ರವ್ವಾ!"

"ಐದು ಹೆಣ್ಮಕ್ಕಳ ಮನೆ ಇದು. ಒಡೆದ ಬಳೆಗೆ ಬರವೇನೇ?" ಎಂದು ಎದುರುಮನೆ ನಂಜಜ್ಜಿ ಮೊರದ ತುಂಬ ತಂದು ಸುರಿದಳು. ಇಡೀ ಬೀದಿಯ ಬಳೆಚೂರು ಗಾರೆಯಲ್ಲಿ ಬೆರೆತು ಪಾಯಕ್ಕಿಳಿಯಿತು. ಮಧ್ಯಾಹ್ನ ಬಂದ ಹೆಗ್ಗಣ ಒಮ್ಮೆ ಕೆದರಿತು, ಕಿರ್ರೆಂದು ಚೀರಿತು. ಮೈಮೇಲಿನ ಮಾಯೆ ಕಳಚಿ, ಅಂಗೈಯಗಲದ ಬಡಪಾಯಿಯಾಗಿ ಕುಂಟುತ್ತ ಬೇಲಿ ದಾಟಿತು.

ಪಾಯ ನಿಂತಿತು, ಗೋಡೆ ಎದ್ದಿತು. ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ನೋಡಿದರೆ ಗೋಡೆ ನೆಟ್ಟಗಿತ್ತು. ಆದರೂ ಸಂಜೆಗೆ ವಾಲಿ ಬಿತ್ತು. ಮತ್ತೆ ಕಟ್ಟಿದಳು, ಮತ್ತೆ ಬಿತ್ತು. ಹೊಂಬಾಳಮ್ಮನಿಗೆ ಅಳು ಬಂತು. ಅಪ್ಪನ ಗುಂಡು ಎಂದೂ ಸುಳ್ಳು ಹೇಳಿದ್ದಿಲ್ಲ. ಮೂರನೆಯ ಸಲ ಗಾರೆ ಎತ್ತುವಾಗ ಕರಣೆಯೇ ಅವಳ ಕೈ ಬಿಡಿಸಿಕೊಂಡು ಹಾರಿ ಬೇಲಿಯಾಚೆ ಠಣ್ ಎಂದಿತು. ಇಣುಕಿದರೆ ಅಲ್ಲಿ ಶೀತಕೇತು ಕಳಿಸಿದ ಸೂಜಿಗಲ್ಲಿನ ಕೋಣ ಮಲಗಿ ಮೆಲುಕು ಹಾಕುತ್ತಿದೆ! ಕಬ್ಬಿಣದ ಗುಂಡನ್ನು ತನ್ನ ಕಡೆ ಎಳೆಯುತ್ತಿದ್ದುದು ಅದೇ.

"ಓಹೋ, ನಿಂದಾ ಈ ಕಿತಾಪತಿ?" ಎಂದ ಹೊಂಬಾಳಮ್ಮ ಒಳಗೆ ಹೋಗಿ ಹುಣಿಸೆಹಣ್ಣಿನ ಉಂಡೆಯೊಂದನ್ನು ತಂದು ದಾರಕ್ಕೆ ಕಟ್ಟಿದಳು. ಹುಣಿಸೆಹಣ್ಣಿಗೆ ಸೂಜಿಗಲ್ಲಿನ ಹಂಗಿಲ್ಲ. ಅದು ನೆಟ್ಟಗೆ ನಿಂತಿತು, ಗೋಡೆಯೂ ನಿಂತಿತು. ಕೋಣದ ಮೇಲೆ ಒಂದು ಕೊಡ ನೀರು ಸುರಿದಳು. ಅದು ಮಲಗಿದಲ್ಲೇ ತುಕ್ಕು ಹಿಡಿದು ಪುಡಿಯಾಯಿತು.

ಒಲೆಕಟ್ಟೆ ಮುಗಿಯಿತು. ಆದರೆ ಹಸಿ ಗಾರೆಗೆ ಬೆಂಕಿ ತೋರಿಸುವಂತಿಲ್ಲ. ಏಳು ದಿನ ಹೊತ್ತುಹೊತ್ತಿಗೆ ನೀರುಣಿಸಬೇಕು. ಇಲ್ಲದಿದ್ದರೆ ಕಟ್ಟೆ ಮೈತುಂಬ ಬಿರುಕು ಬಿಡುತ್ತದೆ. ಮೂರನೆಯ ಪರೀಕ್ಷೆ ಇದೇ, ಎಲ್ಲಕ್ಕಿಂತ ಕಠಿಣವಾದದ್ದು.

ಎರಡನೆಯ ದಿನ ಮುದಿ ಸೂಲಗಿತ್ತಿಯೊಬ್ಬಳು ಬಾಗಿಲಿಗೆ ಬಂದಳು. ಕೈಯಲ್ಲಿ ಚಕಮಕಿ ಕಲ್ಲು, ಒಣಗಿದ ತೆಂಗಿನ ನಾರು. "ಏಳು ದಿನ ಕಾಯ್ತೀಯಾ? ಕೂಸು ಉಳೀಬೇಕೋ ಬೇಡ್ವೋ? ಈಗ್ಲೇ ಹಚ್ಚೇ ನನ್ ತಾಯಿ," ಎಂದಳು. ಹೊಂಬಾಳಮ್ಮ ಒಲ್ಲೆನೆಂದು ತಲೆಯಾಡಿಸಿದಳು. ನಾಲ್ಕನೆಯ ದಿನ ಸೂಲಗಿತ್ತಿ ಮತ್ತೆ ಬಂದಳು. ಆಗ ಅಮ್ಮಣ್ಣಿಯೇ, "ಹಚ್ಚೇ ಅಕ್ಕಾ, ದಮ್ಮಯ್ಯ," ಎಂದು ಅತ್ತಳು.

ಹೊಂಬಾಳಮ್ಮನ ಕೈ ಚಕಮಕಿಯವರೆಗೂ ಹೋಯಿತು. ಹಿಂದಕ್ಕೆಳೆದುಕೊಂಡಳು.

"ಇವತ್ತು ಹಚ್ಚಿದ್ರೆ ಇವತ್ತೊಂದು ದಿನ ನೀರು ಕಾಯ್ತದೆ, ನಾಳೆ ಒಲೆ ಸೀಳ್ತದೆ. ಆಮೇಲೇನ್ ಮಾಡ್ಲವ್ವಾ? ನಿಂಗೆ, ಕೂಸಿಗೆ ದಿನಾ ಬೇಕಲ್ಲ ಬಿಸಿನೀರು," ಎಂದಳು. ಕೂಸನ್ನು ಎತ್ತಿ ಬರಿಮೈಗೆ ಅಪ್ಪಿಸಿಕೊಂಡು ಸೀರೆ ಸುತ್ತಿದಳು. ಒಂದು ಕೈಯಲ್ಲಿ ಅದರ ಬೆನ್ನು ತಿಕ್ಕುತ್ತ, ಇನ್ನೊಂದು ಕೈಯಲ್ಲಿ ಒಲೆಕಟ್ಟೆಗೆ ನೀರು ಹುಯ್ದಳು. ನಂಜಜ್ಜಿಯೂ ಅವಳ ಮನೆಯ ಹೆಣ್ಮಕ್ಕಳೂ ಸರದಿಯ ಮೇಲೆ ಬಂದು ಅಮ್ಮಣ್ಣಿಯನ್ನು ತಬ್ಬಿ ಮಲಗಿದರು.

ಆರನೆಯ ದಿನ ಸೂಲಗಿತ್ತಿ ಮೂರನೆಯ ಸಲ ಬಂದಳು. ಹೊಂಬಾಳಮ್ಮನ ತಾಳ್ಮೆ ತಪ್ಪಿತು. "ಬರೀ ಬಾಯಿಮಾತು ಸಾಕು ಕಣಮ್ಮಾ. ಅಷ್ಟು ಮರುಕ ಇದ್ರೆ ತಗೋ, ಒಂದು ಗಳಿಗೆ ಕೂಸನ್ನ ಅಪ್ಕೊಂಡು ಮೈಶಾಖ ಕೊಡು!" ಎಂದು ಕೂಸನ್ನು ಅವಳ ಕೈಗೆ ಚಾಚಿದಳು.

ಕೂಸಿನ ಕಾಲ್ಬೆರಳು ತಾಗಿತೋ ಇಲ್ಲವೋ, ಸೂಲಗಿತ್ತಿ ಕೆಂಡ ತುಳಿದವರಂತೆ ಎಗರಿದಳು. ನರೆಗೂದಲು ಉದುರಿತು, ಸೀರೆ ಹಾರಿತು. ವೇಷ ಕಳಚಿದ ಶೀತಕೇತು ಅಲ್ಲೇ ಮೋಡದೆತ್ತರಕ್ಕೆ ಬೆಳೆದು ಬೆಟ್ಟಕ್ಕೆ ಓಡಿದ. ಹೊಂಬಾಳಮ್ಮ ಅವನತ್ತ ನೋಡಲೇ ಇಲ್ಲ. ಅವನಿಗೆ ಸುಟ್ಟಿತು ಅಂದರೆ ಕೂಸಿನ ಮೈಯಲ್ಲಿ ಶಾಖ ಇದೆ! ಅದರ ಪಾದಕ್ಕೆ ಮುತ್ತಿಟ್ಟು ಮತ್ತೆ ಕೊಡ ಎತ್ತಿಕೊಂಡಳು.

ಎಂಟನೆಯ ಬೆಳಿಗ್ಗೆ ಅವಳು ಒಲೆಗೆ ನಮಸ್ಕರಿಸಿ, ಚಕಮಕಿ ಕುಟ್ಟಿ, ಮೊದಲು ಸಣ್ಣ ಪುಳ್ಳೆಯ ಉರಿ ಹಾಕಿದಳು. ಬೆಟ್ಟದಿಂದ ಶೀತಕೇತು ಉಫ್ ಎಂದ. ಗಾಳಿ ಕಟ್ಟೆಗೆ ಬಡಿದು, ಸುತ್ತಿ, ಸಣ್ಣಗಾಗಿ ಒಲೆಯ ಬಾಯಿಗೆ ಹೊಕ್ಕಿತು. ಉರಿ ಆರಲಿಲ್ಲ, ಭಗ್ಗೆಂದು ಎದ್ದಿತು!

"ಊದಪ್ಪಾ, ಊದು!" ಎಂದು ನಂಜಜ್ಜಿ ಕೈತಟ್ಟಿದಳು. "ಊದುಗೊಳವೆ ಎಲ್ಲಿಟ್ಟೆ ಅಂತ ಹುಡುಕ್ತಿದ್ದೆ."

ಅವನು ಸಿಟ್ಟಿನಿಂದ ಊದಿದಷ್ಟೂ ಉರಿ ಹೆಚ್ಚಿತು. ಅವನ ಉಸಿರನ್ನೇ ಉಂಡ ಆ ಬೆಂಕಿಗೆ ಸೂರಿನ ಕೆಳಗೂ ಅವನ ಮಂತ್ರ ತಾಗಲಿಲ್ಲ. ಬೀದಿಯ ಹೆಂಗಸರು ಓಡುಗಳಲ್ಲಿ ಕೆಂಡ ಕೊಂಡೊಯ್ದರು; ಅವರಿಂದ ಪಕ್ಕದ ಬೀದಿಗೆ, ಅಲ್ಲಿಂದ ಊರಿಗೆ. ಹೊತ್ತಿದ ಒಂದೊಂದು ಒಲೆಗೂ ಶೀತಕೇತು ಒಂದೊಂದು ಗೇಣು ಇಳಿದ. ಮರದಷ್ಟಾದ, ಆಳಿನಷ್ಟಾದ, ಹೆಬ್ಬೆರಳಿನಷ್ಟಾದ. ಅರಮನೆಯ ಒಲೆ ಹೊತ್ತಿದಾಗ ಬೆಟ್ಟದ ಮೇಲೆ ಏನೂ ಇರಲಿಲ್ಲ. ಅಂದು ಎಸರೂರಿನಲ್ಲಿ ಒಗ್ಗರಣೆಯ ಘಾಟಿಗೆ ಸೀನದವರೇ ಇಲ್ಲ. ರಾಜ ಎಲ್ಲರಿಗಿಂತ ಜೋರಾಗಿ ಸೀನಿದ. ಅಂದಿನಿಂದ ಆ ರಾಜ್ಯದಲ್ಲಿ ಯಾರೂ ತಣ್ಣನೆಯ ಹೊಟ್ಟೆಯಲ್ಲಿ ಮಲಗಲಿಲ್ಲ.

ಅಷ್ಟು ಹೊತ್ತಿಗೆ ಹಂಡೆ ಕಾದಿತ್ತು. ಹೊಂಬಾಳಮ್ಮ ತಂಗಿಯನ್ನು ಮಣೆಯ ಮೇಲೆ ಕೂರಿಸಿ, ಬೆನ್ನಿಗೆ ಎಣ್ಣೆ ತಿಕ್ಕಿ, ಮೊದಲ ತಂಬಿಗೆ ನೀರು ಹುಯ್ದಳು.

"ಅಯ್ಯಯ್ಯೋ ಅಕ್ಕಾ, ಸುಡ್ತದೆ ಕಣೇ! ತಣ್ಣೀರು ಬೆರೆಸ್ಬಾರ್ದಾ?" ಎಂದು ಅಮ್ಮಣ್ಣಿ ಕಿರುಚಿದಳು.

ಹೊಂಬಾಳಮ್ಮ ನಗುತ್ತ, ಅಳುತ್ತ, ಎರಡನೆಯ ತಂಬಿಗೆ ತುಂಬಿಕೊಂಡಳು.