ಹರಟೆಕಟ್ಟೆಯ ಮೇಷ್ಟ್ರು

"ಅಪ್ಪಾ, ಮತ್ತೆ ಬಿಳಿ ಪುಟ ಬಂತು. ಎಲ್ಲಾ ಹೋಯ್ತು."

ಮನೆಯಲ್ಲಿ ಎಲ್ಲರೂ ವಟಾಣಿ ಎಂದು ಕರೆಯುವ ಹುಡುಗಿ ಮೌಸ್ ಬಿಟ್ಟು ಕೈ ಹಿಂದಕ್ಕೆ ಎಳೆದುಕೊಂಡಳು. ಪಕ್ಕದಲ್ಲಿ ಕೂತಿದ್ದ ಅಪ್ಪ ಪುಟ್ಟ ಬೋರ್ಡಿನ ಮೇಲೆ ಮಾರ್ಕರ್‌ನಿಂದ ಬರೆದ: "ಏನು ಒತ್ತಿದೆ?"

"ಏನಿಲ್ಲ. ಬಣ್ಣ ಬದಲಾಯಿಸೋಕೆ ಹೋದೆ ಅಷ್ಟೆ."

ಅಪ್ಪ ಬೈಯಲಿಲ್ಲ. ಬೈಯೋಣವೆಂದರೂ ಅವನಿಗೆ ದನಿ ಇರಲಿಲ್ಲ. ಕ್ಯಾನ್ಸರ್ ಎಂದು ಆಪರೇಷನ್ ಮಾಡಿ ಗಂಟಲಿನೊಳಗಿನ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಮೊದಲು ಅವನು ಬಸ್ ಕಂಡಕ್ಟರ್. ಅವನು ಸ್ಟಾಪಿನ ಹೆಸರು ಕೂಗಿದರೆ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದವರೂ ಎದ್ದು ಕೂರುತ್ತಿದ್ದರು. ಈಗ ಕತ್ತಿನಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೊಂದು ತೆಳು ಬಟ್ಟೆ. ಕೆಲಸ ಡಿಪೋದ ಸ್ಟೋರಿನಲ್ಲಿ, ಟಯರುಗಳ ನಡುವೆ.

ದಿನವೂ ಅಲ್ಲಿಂದ ಬಂದ ಮೇಲೆ ಅಪ್ಪ ಇಂಟರ್‌ನೆಟ್ಟಿನಲ್ಲಿ ಈ ಫೋರಂ ಕಟ್ಟುತ್ತಿದ್ದ. ತನ್ನ ಹಾಗೆ ದನಿ ಕಳೆದುಕೊಂಡವರು ಬಂದು ಹರಟಲಿ ಎಂದು. ಹೆಸರೂ 'ಹರಟೆಕಟ್ಟೆ' ಎಂದೇ ಇಟ್ಟಿದ್ದ.

"ಕೋಡಿಂಗ್ ಬರಲ್ಲ ಏನಿಲ್ಲ, ಯಾಕ್ರೀ ಒದ್ದಾಡ್ತೀರ? ಫೋನಲ್ಲಿ ಒಂದು ಗ್ರೂಪ್ ಮಾಡಿ, ಸಾಕು" ಅಂದಳು ಅಮ್ಮ. ಅವಳು ಲಾಂಡ್ರಿಯಲ್ಲಿ ಇಡೀ ದಿನ ಇಸ್ತ್ರಿ ಮಾಡಿ ಆಗಷ್ಟೇ ಬಂದಿದ್ದಳು.

ಅಪ್ಪ ಬರೆದ: "ಗ್ರೂಪಲ್ಲಿ ಮಾತು ಕೊಚ್ಚಿಕೊಂಡು ಹೋಗುತ್ತೆ. ಇಲ್ಲಿ ಉಳಿಯುತ್ತೆ. ನಾಳೆ ಬಂದವರೂ ಓದಬಹುದು."

ಕೋಡಿಂಗ್ ಬೇಕಾಗಿಯೂ ಇರಲಿಲ್ಲ. ಫೋರಂ ಸಿದ್ಧವಾಗಿಯೇ ಸಿಗುತ್ತಿತ್ತು, ಬಟನ್ ಒತ್ತಿ ಜೋಡಿಸಿಕೊಳ್ಳಬೇಕಿತ್ತು. ಆದರೆ ಬಟನ್‌ಗಳೇ ಲೆಕ್ಕವಿಲ್ಲದಷ್ಟು. ಅಪ್ಪ ಸಾಲಿನ ಕೆಳಗೆ ಬೆರಳಿಟ್ಟು ಸೂಚನೆ ಓದುತ್ತಿದ್ದ, ವಟಾಣಿ ಒತ್ತುತ್ತಿದ್ದಳು. ಕೆಟ್ಟರೆ ಹಿಂದಿನ ದಿನದ ಬ್ಯಾಕಪ್ ತಂದು ಕೂರಿಸುವುದನ್ನು ಇಬ್ಬರೂ ಕಲಿತರು. ಅವತ್ತೂ ಹಾಗೇ ಮಾಡಿದರು. ಬಿಳಿ ಪುಟ ಹೋಗಿ ಹರಟೆಕಟ್ಟೆ ಮರಳಿ ಬಂತು.

ಆಸ್ಪತ್ರೆಯ ನರ್ಸ್ ಫೋರಂನ ವಿಳಾಸ ಬರೆದ ಒಂದು ಚೀಟಿಯನ್ನು ಗೋಡೆಗೆ ಅಂಟಿಸಿದ ಮೇಲೆ ಒಬ್ಬೊಬ್ಬರಾಗಿ ಸದಸ್ಯರು ಬಂದರು. ಮೊದಲು ಬಂದವರು 'ಮೇಷ್ಟ್ರು'. ಅವರು ರಿಟೈರ್ ಆದ ಡ್ರಾಯಿಂಗ್ ಮೇಷ್ಟ್ರು. "ನನ್ನ ನಾಯಿ ಈಗ ನನ್ನ ಮಾತು ಕೇಳುವುದಿಲ್ಲ. ಮೊದಲೂ ಕೇಳುತ್ತಿರಲಿಲ್ಲ, ಆದರೆ ಆಗ ನನ್ನ ಹತ್ತಿರ ಬೈಯಲು ದನಿ ಇತ್ತು" ಎಂದು ಬರೆದಿದ್ದರು. ಅಪ್ಪ ಓದಿ ನಕ್ಕ. ಸದ್ದಿಲ್ಲ, ಭುಜ ಮಾತ್ರ ಕುಣಿಯಿತು. ಎಷ್ಟೋ ತಿಂಗಳ ಮೇಲೆ ವಟಾಣಿ ಅದನ್ನು ನೋಡಿದ್ದಳು.

ಒಂದು ದಿನ ಅವಳು ಒಬ್ಬಳೇ ಸೆಟ್ಟಿಂಗ್ಸ್ ತಡಕುವಾಗ ಹೊಸದೊಂದು ಕಂಡಿತು. ತುಂಬಾ ದಿನ ಬಾರದ ಸದಸ್ಯರಿಗೆ ತಾನಾಗಿ ಮೇಲ್ ಹೋಗುವ ಸೌಲಭ್ಯ. ಅವಳು ಆನ್ ಮಾಡಿ ಬರೆದಳು: "ಎಲ್ಲಿ ಹೋದ್ರಿ? ಯಾಕೆ ಮಾತೇ ಇಲ್ಲ? ಬೇಗ ಬನ್ನಿ, ಕಾಯ್ತಾ ಇದ್ದೀವಿ." ಕೊನೆಗೆ ಕಣ್ಣು ಹೊಡೆಯುವ ಗೊಂಬೆ. ಅಪ್ಪನಿಗೆ ಆಮೇಲೆ ಹೇಳಿದರಾಯಿತು ಎಂದುಕೊಂಡು ಮರೆತಳು.

ಮೇಷ್ಟ್ರು ಬರುವುದು ನಿಂತಿತು. "ಆಸ್ಪತ್ರೆಗೆ ಸೇರಿರಬಹುದು" ಎಂದು ಅಪ್ಪ ಬರೆದ. ಮತ್ತೆ ಆ ಮಾತು ಎತ್ತಲಿಲ್ಲ.

ಒಂದು ಸಂಜೆ ಸ್ಕೂಲಿಂದ ಬಂದ ವಟಾಣಿ ಫೋರಂನ ಮೇಲ್ ತೆರೆದಳು.

"ನಾನು ಮೇಷ್ಟ್ರ ಹೆಂಡತಿ. ಅವರು ತೀರಿಕೊಂಡರು. ಆಮೇಲೆ ನಿಮ್ಮ ಪತ್ರ ಮೂರು ಸಲ ಬಂತು. ಯಾಕೆ ಮಾತಿಲ್ಲ, ಬೇಗ ಬನ್ನಿ ಎಂದು ಕೇಳುತ್ತಿದ್ದೀರಿ. ದಯವಿಟ್ಟು ಕಳಿಸಬೇಡಿ."

ವಟಾಣಿಯ ಕಿವಿ ಬಿಸಿಯಾಯಿತು. ಸೆಟ್ಟಿಂಗ್ಸ್‌ಗೆ ಓಡಿ ಅದನ್ನು ಆಫ್ ಮಾಡಿದಳು. ಅಷ್ಟು ಸಾಲದೆನಿಸಿತು. ಸದಸ್ಯರ ಪಟ್ಟಿಯಲ್ಲಿ ಮೇಷ್ಟ್ರ ಹೆಸರು ಹುಡುಕಿ ಡಿಲೀಟ್ ಒತ್ತಿದಳು. ಆಗ ಫೋರಂ ಕೇಳಿತು: ಇವರು ಬರೆದದ್ದೆಲ್ಲ ಅಳಿಸಿಹೋಗುತ್ತದೆ, ಸರಿಯೇ?

ಅವಳ ಬೆರಳು ನಿಂತಿತು. ಪಟ್ಟಿಯಲ್ಲಿ ಮೇಷ್ಟ್ರ ಕೆಳಗಿನ ಹೆಸರು ಅಪ್ಪನದು. ಅವನಿಗೂ ಅದೇ ಕಾಯಿಲೆ, ಅದೇ ಆಸ್ಪತ್ರೆ. ಮುಂದಿನ ವಾರ ಅವನದೂ ಸ್ಕ್ಯಾನ್ ಇತ್ತು. 'ಬೇಡ' ಎಂಬುದನ್ನು ಒತ್ತಿ ಅವಳು ಕುರ್ಚಿಯ ಮೇಲೆ ಕಾಲು ಮಡಚಿ ಕೂತಳು.

ಅಪ್ಪ ಬಂದಾಗ ಅವಳು ಸ್ಕ್ರೀನ್ ತೋರಿಸಿದಳು. "ಆ ಮೇಲ್ ಬರೆದಿದ್ದು ನಾನು. ನಿನಗೆ ಹೇಳಲಿಲ್ಲ."

ಅಪ್ಪ ಓದಿದ. ಮತ್ತೆ ಓದಿದ. ಚಪ್ಪಲಿಯನ್ನೂ ಬಿಚ್ಚದೆ ಗೋಡೆಗೆ ಒರಗಿ ನೆಲದ ಮೇಲೆ ಕೂತ. ಅವನ ಕತ್ತಿನ ಬಟ್ಟೆ ಬೇಗಬೇಗ ಏರಿ ಇಳಿಯುತ್ತಿತ್ತು. ಆಮೇಲೆ ಬೋರ್ಡ್ ಎಳೆದುಕೊಂಡು ಬರೆದ: "ಉತ್ತರ ನಾನು ಬರೀತೀನಿ."

"ಬೇಡ. ನಾನೇ ಬರೀತೀನಿ."

ಅವಳು ಉದ್ದಕ್ಕೆ ಬರೆದಳು. ಅಪ್ಪ ಬೆರಳಿನಿಂದ ತೋರಿಸಿದ್ದನ್ನೆಲ್ಲ ಅಳಿಸಿದ ಮೇಲೆ ಉಳಿದದ್ದು ಇಷ್ಟು: "ಅಜ್ಜಿ, ಆ ಪತ್ರ ಬರೆದವಳು ನಾನು. ನನಗೆ ಹತ್ತು ವರ್ಷ. ಮೇಷ್ಟ್ರು ಹೋದದ್ದು ನಮಗೆ ಗೊತ್ತಿರಲಿಲ್ಲ. ಇನ್ನು ಆ ಪತ್ರ ಬರುವುದಿಲ್ಲ. ತಪ್ಪಾಯಿತು."

ಕೆಲವು ದಿನ ಏನೂ ಬರಲಿಲ್ಲ. ವಟಾಣಿ ದಿನವೂ ನೋಡುತ್ತಿದ್ದಳು. ಕೊನೆಗೆ ಒಂದು ಸಾಲು ಬಂತು: "ಅವರು ಬರೆದದ್ದು ಅಲ್ಲಿ ಇನ್ನೂ ಇದೆಯಾ ಮಗು? ದನಿ ಹೋದ ಮೇಲೆ ಮನೆಯಲ್ಲಿ ಅವರು ಬರೆದೂ ಮಾತಾಡುತ್ತಿರಲಿಲ್ಲ."

"ಇದೆಯಲ್ಲ ಅಪ್ಪ? ಎಲ್ಲಾ ಇದೆ ಅಲ್ವಾ?" ವಟಾಣಿ ಕೇಳಿದಳು. ಅಪ್ಪ ತಲೆಯಾಡಿಸಿದ.

ಅಜ್ಜಿ ಓದಬೇಕೆಂದರೆ ಸದಸ್ಯರಾಗಬೇಕಿತ್ತು. ಖಾತೆ ತೆರೆಯುವ ಮೊದಲು ವಟಾಣಿ ಹೊಸಬರಿಗೆ ತಾನಾಗಿ ಹೋಗುವ ಸ್ವಾಗತದ ಮೇಲ್ ತೆರೆದು ಓದಿದಳು. "ಹಾಯ್, ಮಜಾ ಮಾಡೋಣ ಬನ್ನಿ" ಎಂದು ಅದರಲ್ಲಿ ಅವಳೇ ಬರೆದಿದ್ದಳು. ಅದನ್ನೂ ಆಫ್ ಮಾಡಿದಳು.

ಮರುದಿನ ಸಂಜೆ ಪುಟದ ಕೆಳಗೆ ಹಸಿರು ಚುಕ್ಕಿಯೊಂದಿಗೆ ಹೊಸ ಹೆಸರು ಕಂಡಿತು. ಯಾರು ಯಾವ ಪುಟದಲ್ಲಿದ್ದಾರೆಂದು ಅಲ್ಲೇ ಗೊತ್ತಾಗುತ್ತಿತ್ತು. ಮೇಷ್ಟ್ರು ಬರೆದ ಮೊದಲ ಪುಟದಲ್ಲಿ ಅಜ್ಜಿ ಬಹಳ ಹೊತ್ತು ಇದ್ದರು. ಆಮೇಲೆ ಎರಡನೆಯದಕ್ಕೆ ಹೋದರು.

ಅಪ್ಪ ಮೌಸ್ ಹಿಡಿದು ಅಪ್‌ಡೇಟ್ ಬಟನ್ ಹತ್ತಿರ ಹೋದ. ಅದನ್ನು ಒತ್ತಿದರೆ ಫೋರಂ ಸ್ವಲ್ಪ ಹೊತ್ತು ಮುಚ್ಚಿಕೊಳ್ಳುತ್ತದೆ. ವಟಾಣಿ ಅವನ ಕೈ ಮೇಲೆ ಕೈಯಿಟ್ಟಳು.

"ಈಗ ಬೇಡಪ್ಪ" ಅಂದಳು ಮೆಲ್ಲಗೆ. "ಅಜ್ಜಿ ಓದ್ತಾ ಇದ್ದಾರೆ."