ಬಲಗಡೆಯ ಬೆಳಕು

ಆ ನಕ್ಷೆಯ ಮೂಲೆಯಲ್ಲಿ ನಂಬರ್ ಇರಲಿಲ್ಲ.

ಗಿಲ್ಡ್‌ಫರ್ಡಿನ ಟಿಡ್‌ಮಾರ್ಶ್ ಮತ್ತು ಹ್ಯಾಡ್ಲಿ ಕಚೇರಿಯಿಂದ ನಾಯಿಗೂಡಿನ ನಕ್ಷೆ ಕೂಡ ದಾಖಲೆ ಪುಸ್ತಕದ ನಂಬರ್ ಇಲ್ಲದೆ ಹೊರಗೆ ಹೋದದ್ದಿಲ್ಲ. ಸಿರಿವಂತರಿಗೆ ಹಳ್ಳಿಗಾಡಿನ ಬಂಗಲೆ ಕಟ್ಟಿಸಿಕೊಡುವುದರಲ್ಲಿ ಆ ಇಬ್ಬರು ಪಾಲುದಾರರದ್ದು ಎತ್ತಿದ ಕೈ.

"ಇದು ಯಾರ ಮನೆ, ಮಿಸ್ ಪಾಸ್ಕ್?" ಹಿರಿಯ ಪಾಲುದಾರ ಟಿಡ್‌ಮಾರ್ಶ್ ಹಾಳೆಯನ್ನು ಹೆಸ್ಟರ್ ಪಾಸ್ಕ್‌ಳ ಮೇಜಿನ ಮೇಲೆ ಹರಡಿ ದನಿ ತಗ್ಗಿಸಿದರು. "ಹ್ಯಾಡ್ಲಿ ಡ್ರಾಯರ್‌ನಲ್ಲಿ ಸಿಕ್ತು. ನನ್ನ ಬೆನ್ನ ಹಿಂದೆ ಗಿರಾಕಿ ಹಿಡಿದಿದ್ದಾನೆ."

"ನನಗೆ ಗೊತ್ತಿಲ್ಲ ಸರ್."

"ಅವನು ಸೈಟ್‌ನಿಂದ ಬರೋದು ನಾಲ್ಕು ಗಂಟೆಗೆ. ಅಷ್ಟರೊಳಗೆ ಒಂದು ನಕಲು ತೆಗೆದುಕೊಡಿ. ನಾಳೆ ಲಾಯರ್ ಮುಂದೆ ಇಡ್ತೀನಿ. ಈ ಪಾಲುದಾರಿಕೆ ಮುಗೀತು ಅಂದ್ಕೊಳ್ಳಿ."

ನಕಲು ತೆಗೆಯುವುದೇ ಹೆಸ್ಟರ್‌ಳ ಕೆಲಸ. ನಕ್ಷೆಯ ಮೇಲೆ ಗಂಜಿ ಹಾಕಿದ ತೆಳು ಪಾರದರ್ಶಕ ಬಟ್ಟೆ ಹಾಸಿ, ಅಡಿಯಲ್ಲಿ ಕಾಣುವ ಗೆರೆಗಳನ್ನು ಮಸಿಯಲ್ಲಿ ತಿದ್ದುವುದು. ಇವತ್ತು ತಿದ್ದಿಕೊಟ್ಟರೆ ಓವನ್ ಹ್ಯಾಡ್ಲಿ ಈ ಕಚೇರಿಯಲ್ಲಿ ಇರುವುದಿಲ್ಲ. ಕೊಡದಿದ್ದರೆ ಅವಳೇ ಇರುವುದಿಲ್ಲ. ಹೇಗಾದರೂ ಸರಿ, ಅಪಸ್ವರದಲ್ಲಿ ಶಿಳ್ಳೆ ಹಾಕುತ್ತಾ ಎರಡೆರಡು ಮೆಟ್ಟಿಲು ಹತ್ತಿ ಬರುವ ಆ ಮನುಷ್ಯನ ಸದ್ದು ಇನ್ನು ಅವಳ ಕಿವಿಗೆ ಬೀಳುವುದಿಲ್ಲ. ಮೂರು ವರ್ಷದಿಂದ ಆ ಶಿಳ್ಳೆಗಾಗಿಯೇ ಅವಳು ಬೆಳಿಗ್ಗೆ ಬೇಗ ಬರುತ್ತಿದ್ದಳು.

ಆಗೋದಿಲ್ಲ ಎಂದು ಹೇಳಿಬಿಡೋಣ ಎಂದುಕೊಂಡೇ ನಕ್ಷೆಯತ್ತ ಬಗ್ಗಿದಳು. ಬಗ್ಗಿದ ಮೇಲೆ ಮನಸ್ಸು ಬದಲಾಯಿತು.

ಪುಟ್ಟ ಮನೆ. ಎರಡು ಮಲಗುವ ಕೋಣೆ, ತೋಟಕ್ಕೆ ತೆರೆಯುವ ಬಾಗಿಲು. ಉತ್ತರಕ್ಕೊಂದು ದೊಡ್ಡ ಕಿಟಕಿಯ ಕೋಣೆ, ಅದರಲ್ಲಿ ಚಿತ್ರ ಬರೆಯುವ ಇಳಿಜಾರು ಮೇಜು, ಒಂದು ಸ್ಟೂಲು. ಚಿತ್ರ ಬರೆಯುವವರು ಯಾರು? ಮೇ ತಿಂಗಳಲ್ಲಿ ಅಪ್ಪನ ಬಂಗಲೆ ವಿಚಾರಕ್ಕೆ ಬಂದಿದ್ದ ಮಿಸ್ ಫೆನ್ವಿಕ್! ಅವಳ ಬಣ್ಣದ ಪೆಟ್ಟಿಗೆಯನ್ನು ಹ್ಯಾಡ್ಲಿ ಮೋಟಾರಿನವರೆಗೂ ಹೊತ್ತುಕೊಂಡು ಹೋಗಿರಲಿಲ್ಲವೇ?

ಟಿಡ್‌ಮಾರ್ಶ್ ಹುಡುಕುತ್ತಿರುವುದು ಗಿರಾಕಿಯನ್ನು. ಇದು ಗಿರಾಕಿಯ ಮನೆ ಅಲ್ಲ, ಹೆಂಡತಿಯಾಗಿ ಬರುವವಳ ಮನೆ. ಹೆಸ್ಟರ್‌ಳಿಗೆ ಹೊಟ್ಟೆ ಉರಿಯಿತು. ಲೇಖನಿಯನ್ನು ಮಸಿಗೆ ಅದ್ದಿದಳು.

ತಿದ್ದುತ್ತಾ ಹೋದಂತೆ ಒಂದು ತಪ್ಪು ಕಣ್ಣಿಗೆ ಬಿತ್ತು. ಆ ಸ್ಟೂಲಿನಲ್ಲಿ ಕೂತವರಿಗೆ ಬೆಳಕು ಬಲಗಡೆಯಿಂದ ಬೀಳುತ್ತದೆ. ಬರೆಯುವ ಕೈಯ ನೆರಳು ಗೆರೆಯ ಮೇಲೆ ಬೀಳಬಾರದೆಂದು ಎಲ್ಲ ಕಚೇರಿಗಳಲ್ಲೂ ಕಿಟಕಿ ಎಡಕ್ಕೇ ಇರುತ್ತದೆ. ಪ್ರೇಮದಲ್ಲಿ ಬುದ್ಧಿ ಎಲ್ಲಿರುತ್ತೆ ಎಂದು ಗೊಣಗಿಕೊಂಡು, ನಕಲಿನಲ್ಲಿ ಮೇಜನ್ನು ಆಚೆಗೆ ತಿರುಗಿಸಿ ಬರೆದಳು. ತಪ್ಪು ಕಂಡರೆ ಸುಮ್ಮನಿರುವುದು ಅವಳಿಗೆ ಬರುತ್ತಿರಲಿಲ್ಲ.

"ಮೇಜು ಯಾಕೆ ತಿರುಗಿಸಿದ್ರಿ?"

ಲೇಖನಿ ನಿಂತಿತು. ಬೂಟಿಗೆಲ್ಲ ಕೆಸರು ಮೆತ್ತಿಕೊಂಡು ಹ್ಯಾಡ್ಲಿ ಹಿಂದೆಯೇ ನಿಂತಿದ್ದ. ಗಡಿಯಾರದಲ್ಲಿ ಇನ್ನೂ ಮೂರೂವರೆ. ಇವತ್ತು ಶಿಳ್ಳೆಯೂ ಹಾಕಿರಲಿಲ್ಲ.

"ಕದ್ದು ನಕಲು ಮಾಡ್ತಿದ್ದೀನಿ, ಅದನ್ನ ಕೇಳೋದು ಬಿಟ್ಟು..."

"ಅದು ಟಿಡ್‌ಮಾರ್ಶ್ ಕೆಲಸ, ಗೊತ್ತು. ಮೇಜಿನ ವಿಷಯ ಹೇಳಿ."

"ಬೆಳಕು ಬಲಗಡೆಯಿಂದ ಬಂದ್ರೆ ಪಾಪ ಮಿಸ್ ಫೆನ್ವಿಕ್ ಹೇಗೆ ಚಿತ್ರ ಬರೀತಾರೆ?"

"ಮಿಸ್ ಫೆನ್ವಿಕ್?" ಅವನ ಹುಬ್ಬು ಮೇಲೇರಿತು. ತುಟಿಯ ಒಂದು ಕೊನೆಯೂ ಅದರ ಜೊತೆಗೇ ಏರಿತು. "ಆಕೆಗೆ ಬಲಗೈ ರೂಢಿ. ನಾನು ಅವರಿಗೆ ಯಾಕೆ ಮನೆ ಬರೀಲಿ?"

"ಮತ್ತೆ ಯಾರಿಗೆ?"

ಅವನು ಅವಳ ಕೈಯನ್ನೇ ನೋಡಿದ. ಅವಳೂ ನೋಡಿಕೊಂಡಳು. ಲೇಖನಿ ಇದ್ದದ್ದು ಎಡಗೈಯಲ್ಲಿ.

ಶಾಲೆಯಲ್ಲಿ ಆ ಕೈಯನ್ನು ಬೆನ್ನಿಗೆ ಕಟ್ಟಿ ಕೂರಿಸುತ್ತಿದ್ದರು. ಹಾಗಾಗಿ ಪಾಲುದಾರರು ಎದುರಿಗಿದ್ದಾಗ ಬಲಗೈ, ಈ ಮೂಲೆಯಲ್ಲಿ ಒಬ್ಬಳೇ ಇದ್ದಾಗ ಎಡಗೈ. ಮೂರು ವರ್ಷ ತನ್ನದೇ ಕೈಯ ನೆರಳಿನಲ್ಲಿ ಗೆರೆ ಎಳೆದವಳಿಗೆ, ಆ ಮೇಜು ಯಾರಿಗೆ ಸರಿಹೊಂದುತ್ತದೆ ಎಂಬುದು ಹೊಳೆದಿರಲೇ ಇಲ್ಲ.

"ನಿಮಗೆ... ಹೇಗೆ ಗೊತ್ತು?"

"ನಿಮ್ಮ ಎಡಗೈ ಕಿರುಬೆರಳಿಗೆ ದಿನಾ ಮಸಿ."

ಅವಳ ಅನುಮಾನ ಇನ್ನೂ ಸೋಲೊಪ್ಪಲಿಲ್ಲ. "ಸಿಕ್ಕಿಬಿದ್ರಿ ಅಂತ ಕತೆ ಕಟ್ತಿಲ್ಲ ತಾನೇ?"

"ಎಷ್ಟು ಅನುಮಾನ ನಿಮಗೆ! ಹಾಳೆ ಹಿಂದೆ ತಾರೀಖು ನೋಡಿ."

ತಿರುಗಿಸಿ ನೋಡಿದಳು. ಹೋದ ನವೆಂಬರ್. ಆಗ ಈ ಕಚೇರಿಯಲ್ಲಿ ಫೆನ್ವಿಕ್ ಎಂಬ ಹೆಸರನ್ನೇ ಯಾರೂ ಕೇಳಿರಲಿಲ್ಲ.

"ಏಳು ತಿಂಗಳು ಡ್ರಾಯರ್‌ನಲ್ಲಿ ಇಟ್ಕೊಂಡು ಏನು ಮಾಡ್ತಿದ್ರಿ?"

"ಮನೆ ಬರೆಯೋಕೆ ಬರುತ್ತೆ, ಹೆಸ್ಟರ್. ಕೇಳೋಕೆ ಬರಲ್ಲ." ಅವನ ಕಿವಿ ಕೆಂಪಾಗಿತ್ತು. "ಈಗ ಕೇಳ್ತಿದ್ದೀನಿ."

ಬಾಗಿಲು ದಡಕ್ಕನೆ ತೆರೆಯಿತು. "ಒಳ್ಳೇದಾಯ್ತು, ಇಬ್ಬರೂ ಇಲ್ಲೇ ಇದ್ದೀರಿ!" ಟಿಡ್‌ಮಾರ್ಶ್ ಸಿಡುಕಿದರು. "ಗಿರಾಕಿ ಹೆಸರು ಹೇಳು ಹ್ಯಾಡ್ಲಿ. ಇಲ್ಲಾ ಈಗಲೇ ಹೊರಡು."

ಹ್ಯಾಡ್ಲಿ ಅವಳ ಒಪ್ಪಿಗೆ ಇಲ್ಲದೆ ಅವಳ ಹೆಸರು ಹೇಳುವವನಲ್ಲ. ಹೊರಡಲೆಂದು ಟೋಪಿಯನ್ನು ಕೈಗೆತ್ತಿಕೊಂಡ.

"ಒಂದು ನಿಮಿಷ ಸರ್, ನಕಲು ಮುಗಿದಿಲ್ಲ," ಎಂದಳು ಹೆಸ್ಟರ್.

ಚಾಕುವಿನ ಮೊನೆಯಿಂದ ತಾನು ಬರೆದ ಮೇಜನ್ನು ಕೆರೆದಳು. ಮೊದಲಿದ್ದ ಕಡೆಗೇ ತಿರುಗಿಸಿ, ಬೆಳಕನ್ನು ಬಲಕ್ಕೆ ಬಿಟ್ಟಳು. ಆಮೇಲೆ ಇಬ್ಬರ ಎದುರೇ, ಎಡಗೈಯಲ್ಲೇ, ಗಿರಾಕಿಯ ಹೆಸರಿಗೆಂದು ಬಿಟ್ಟಿದ್ದ ಜಾಗದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಳು: 'ಶ್ರೀಮತಿ ಹೆಸ್ಟರ್ ಹ್ಯಾಡ್ಲಿ.'

ಹ್ಯಾಡ್ಲಿಯ ಕೈಯಿಂದ ಟೋಪಿ ಜಾರಿ ಕೆಳಗೆ ಬಿತ್ತು.

ಟಿಡ್‌ಮಾರ್ಶ್ ಕನ್ನಡಕ ಏರಿಸಿ ಎರಡು ಸಲ ಓದಿದರು. ಅವಳ ಕೈಯನ್ನು ನೋಡಿದರು, ಪಾಲುದಾರನ ಮುಖವನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು.

"ನಂಬರ್ ಹಾಕಿ," ಎಂದರು. "ಮತ್ತೆ ಆ ನಿಮ್ಮ ಮೇಜನ್ನ ನಾಳೆಯಿಂದ ಕಿಟಕಿ ಬಲಕ್ಕೆ ಬರೋ ಹಾಗೆ ಹಾಕಿಸಿಕೊಳ್ಳಿ, ಮಿಸ್ ಪಾಸ್ಕ್."

ನಾಳೆಯವರೆಗೆ ಕಾಯಲು ಹ್ಯಾಡ್ಲಿಗೆ ಆಗಲಿಲ್ಲ. ಆಗಲೇ ಮೇಜಿನ ಒಂದು ತುದಿ ಹಿಡಿದು ಎಳೆಯತೊಡಗಿದ.